ಹೆದರಲು ಬರುವ ಭಾಷೆ

ಒಂದು ಮಿಲಿಲೀಟರ್ ಎಂದರೆ ಟೀ ಚಮಚದ ಐದನೇ ಒಂದು ಪಾಲು. ಮುಖದ ಚರ್ಮದ ಕೆಳಗೆ ತುಂಬುವ ಫಿಲ್ಲರ್ ಸಾಮಾನ್ಯವಾಗಿ ಬರುವುದು ಅಷ್ಟು ಹಿಡಿಸುವ ಸಿರಿಂಜಿನಲ್ಲಿ. ನೋಡಲು ನೀರಿನಂತೆ ತಿಳಿ, ಮುಟ್ಟಿದರೆ ಲೋಳೆಸರದ ತಿರುಳಿನಂತೆ ಜಾರುವ ಜೆಲ್. ಅದನ್ನು ತುಟಿಗೆ, ಕೆನ್ನೆಗೆ, ಮೂಗಿನ ಬದಿಯಿಂದ ಬಾಯಿಯ ಅಂಚಿಗೆ ಇಳಿಯುವ ಗೆರೆಗೆ, ಕಣ್ಣಿನ ಕೆಳಗಿನ ಗುಳಿಗೆ ಚುಚ್ಚಿ ತುಂಬುತ್ತಾರೆ. ಅರ್ಧ ಗಂಟೆಯ ಕೆಲಸ, ಮುಗಿದ ಮೇಲೆ ಆಟೋ ಹಿಡಿದು ಮನೆಗೆ ಹೋಗಬಹುದು. ಬೊಟಾಕ್ಸ್ ಬೇರೆ, ಇದು ಬೇರೆ. ಬೊಟಾಕ್ಸ್ ಸ್ನಾಯುವನ್ನು ಕೆಲವು ತಿಂಗಳು ಸುಮ್ಮನಾಗಿಸುತ್ತದೆ, ಫಿಲ್ಲರ್ ಖಾಲಿಯಾದ ಜಾಗವನ್ನು ತುಂಬುತ್ತದೆ. ಒಂದು ಕಾಲಕ್ಕೆ ಇವೆಲ್ಲ ಸಿನಿಮಾದವರ ಸುದ್ದಿ. ಈಗ ಮೈಸೂರಿನ ಬಡಾವಣೆಗಳಲ್ಲೂ ಹಲ್ಲಿನ ಆಸ್ಪತ್ರೆ, ಕನ್ನಡಕದಂಗಡಿಗಳ ಮಗ್ಗುಲಲ್ಲಿ ನಿಂತ ಚರ್ಮದ ಕ್ಲಿನಿಕ್ಕಿನ ಬೋರ್ಡಿನ ಮೇಲೆ ಈ ಪದ ಕಾಣುತ್ತದೆ.

ಮಾಡಿಸಿಕೊಳ್ಳುವ ಮುಂಚೆ ಏನೇನು ಗೊತ್ತಿರಬೇಕು ಎಂದು ಕೇಳಿದರೆ ಉತ್ತರದ ಪಟ್ಟಿಗಳಿಗೇನೂ ಬರವಿಲ್ಲ. ಆ ಪಟ್ಟಿಗಳ ಮೇಲೆ ನನಗೆ ಜಗಳವಿಲ್ಲ, ಅವುಗಳಲ್ಲಿರುವ ಬಹಳಷ್ಟನ್ನು ನಾನೂ ಇಲ್ಲಿ ಹೇಳಲಿದ್ದೇನೆ. ನನ್ನನ್ನು ಕಾಡುವುದು 'ಗೊತ್ತಿರುವುದು' ಎಂಬ ಮಾತು. ಓದಿದ್ದೇನೆ ಎಂದರೆ ಗೊತ್ತಾದಂತೆಯೇ? ಸಹಿ ಹಾಕಿದ್ದೇನೆ ಎಂದರೆ ಒಪ್ಪಿದಂತೆಯೇ? ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಮಾಡುವವಳಿಗೆ ಈ ಪ್ರಶ್ನೆಗಳು ಹಳೆಯವು, ಪ್ರತಿ ವರ್ಷ ಜೂನ್–ಜುಲೈಯಲ್ಲಿ ಕಪ್ಪುಹಲಗೆಯ ಮೇಲೆ ಬರೆದು ಅಳಿಸುವಂಥವು. ಅವು ಒಂದು ಸೂಜಿಯ ಮೊನೆಯವರೆಗೆ ಬಂದು ನಿಂತದ್ದನ್ನು ಕಂಡದ್ದು ಮಾತ್ರ ಕಳೆದ ವರ್ಷ.

ಮೊದಲು ವಸ್ತುವಿನ ವಿಚಾರ. ಈಗ ಹೆಚ್ಚು ಬಳಕೆಯಲ್ಲಿರುವ ಫಿಲ್ಲರುಗಳು ಹಯಲುರಾನಿಕ್ ಆ್ಯಸಿಡ್‌ನಿಂದ ಮಾಡಿದವು. 1934ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಹಸುವಿನ ಕಣ್ಣಿನೊಳಗಿನ ಲೋಳೆಯಿಂದ ಇದನ್ನು ಬೇರ್ಪಡಿಸಿದರು. ಅದು ನಮ್ಮ ಕಣ್ಣಿನಲ್ಲೂ ಇದೆ, ಕೀಲುಗಳಲ್ಲೂ ಇದೆ, ಚರ್ಮದಲ್ಲಂತೂ ಧಾರಾಳವಾಗಿದೆ. 70 ಕಿಲೋ ತೂಕದ ಮನುಷ್ಯನ ಮೈಯಲ್ಲಿ ಸುಮಾರು 15 ಗ್ರಾಂ ಇರುತ್ತದೆ, ಅದರ ಮೂರನೇ ಒಂದು ಪಾಲನ್ನು ದೇಹ ದಿನದಿನವೂ ಕರಗಿಸಿ ಹೊಸದಾಗಿ ಮಾಡಿಕೊಳ್ಳುತ್ತದೆ. ಆದ್ದರಿಂದಲೇ ಕ್ಲಿನಿಕ್ಕುಗಳು "ಇದು ನಮ್ಮ ಬಾಡೀಲೇ ಇರೋದು, ನ್ಯಾಚುರಲ್" ಎನ್ನುತ್ತವೆ. ಮಾತು ಸುಳ್ಳಲ್ಲ, ಆದರೆ ಅರ್ಧದಲ್ಲೇ ನಿಂತ ಮಾತು. ಮೈಯಲ್ಲಿರುವಂಥದ್ದನ್ನೇ ಹಾಗೇ ಚುಚ್ಚಿದರೆ ಕೆಲವೇ ದಿನದಲ್ಲಿ ಮಾಯವಾಗುತ್ತದೆ. ಅದು ತಿಂಗಳುಗಟ್ಟಲೆ ನಿಲ್ಲಬೇಕಾದರೆ ಅದರ ಎಳೆಗಳನ್ನು ರಾಸಾಯನಿಕ ಹಾಕಿ ಒಂದಕ್ಕೊಂದು ಹೆಣೆಯಬೇಕು. ದೇಹ ತನ್ನದೆಂದು ಗುರುತಿಸಬೇಕು, ಆದರೆ ತನ್ನದರಂತೆ ಕರಗಿಸಬಾರದು. ಈ ಎರಡರ ನಡುವಿನ ಚಾಣಾಕ್ಷತನವೇ ಫಿಲ್ಲರ್. ಹಿಂದೆ ಕೋಳಿಹುಂಜದ ಜುಟ್ಟಿನಿಂದ ತೆಗೆದು ಮಾಡುತ್ತಿದ್ದದ್ದೂ ಉಂಟು, ಈಗ ಬ್ಯಾಕ್ಟೀರಿಯಾಗಳಿಂದ ಹುದುಗಿಸಿ ಮಾಡುತ್ತಾರೆ. ಅದಕ್ಕೂ ಮುಂಚೆ, 1981ರಲ್ಲಿ, ಅಮೆರಿಕ ಒಪ್ಪಿಗೆ ಕೊಟ್ಟದ್ದು ಹಸುವಿನ ಕೊಲ್ಯಾಜೆನ್‌ಗೆ. ಅದು ಒಗ್ಗುತ್ತದೋ ಇಲ್ಲವೋ ಎಂದು ಮೊದಲು ತೋಳಿಗೆ ಚುಚ್ಚಿ ನೋಡಬೇಕಾಗಿತ್ತು. ಹಯಲುರಾನಿಕ್ ಫಿಲ್ಲರಿಗೆ ಅಲ್ಲಿ ಅನುಮತಿ ಸಿಕ್ಕಿದ್ದು 2003ರ ಕೊನೆಯಲ್ಲಿ.

ಇಲ್ಲೊಂದು ಮುಖ್ಯ ವ್ಯತ್ಯಾಸವಿದೆ. ಹಯಲುರಾನಿಕ್ ಫಿಲ್ಲರ್ ಎಡವಟ್ಟಾದರೆ ಹಯಲುರಾನಿಡೇಸ್ ಎಂಬ ಕಿಣ್ವ ಚುಚ್ಚಿ ಕರಗಿಸಬಹುದು. ಕ್ಯಾಲ್ಸಿಯಂ ಆಧಾರಿತ ಫಿಲ್ಲರುಗಳನ್ನು, ಅಕ್ರಿಲಿಕ್ ಕಣಗಳಿರುವ ಶಾಶ್ವತ ಫಿಲ್ಲರುಗಳನ್ನು, ಸಿಲಿಕೋನನ್ನು ಹಾಗೆ ಕರಗಿಸಲು ಬರುವುದಿಲ್ಲ. ಎಲ್ಲಕ್ಕೂ ಹೆಸರು ಫಿಲ್ಲರ್ ಎಂದೇ. ಬೋರ್ಡಿನ ಮೇಲೆ ಆ ಒಂದೇ ಪದ ಇರುತ್ತದೆ.

ಇನ್ನು ಆ ಸೂಜಿಯ ಕಥೆ. ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳು, ವಯಸ್ಸು 24, ಹುಣಸೂರಿನ ಕಡೆಯವಳು, ಖಾಸಗಿ ಬ್ಯಾಂಕೊಂದರ ಕೌಂಟರಿನಲ್ಲಿ ಕೆಲಸ. ಅವಳ ಕಣ್ಣಿನ ಕೆಳಗೆ ಗುಳಿ. ಅವಳ ತಾಯಿಗೂ ಇದೆ, ಅಜ್ಜಿಗೂ ಇತ್ತಂತೆ. ನಿದ್ದೆ, ನೀರು, ಹಣ್ಣು ಎಂದು ಊರವರೆಲ್ಲ ಹೇಳಿದ ಉಪಾಯಗಳಿಗೆ ಅದು ಬಗ್ಗಲಿಲ್ಲ, ಏಕೆಂದರೆ ಅದು ಮೂಳೆಯ ಮೇಲಿನ ಮಾಂಸಲ ಭಾಗ ಇರುವ ರೀತಿಯೇ ಹೊರತು ರೋಗವಲ್ಲ. ಕೌಂಟರಿಗೆ ಬಂದವರಲ್ಲಿ ದಿನಕ್ಕೆ ಇಬ್ಬರಾದರೂ "ಯಾಕಮ್ಮ, ಹುಷಾರಿಲ್ವಾ?" ಎನ್ನುತ್ತಾರೆ. ಕಕ್ಕುಲಾತಿಯಿಂದಲೇ ಕೇಳುತ್ತಾರೆ. ಎರಡು ತಿಂಗಳಲ್ಲಿ ನಿಶ್ಚಿತಾರ್ಥವಿತ್ತು. ಕ್ಲಿನಿಕ್ಕಿನಲ್ಲಿ ಹೇಳಿದ ಬೆಲೆ ಒಂದು ಸಿರಿಂಜಿಗೆ 28,000 ರೂಪಾಯಿ, ಅವಳ ತಿಂಗಳ ಸಂಬಳಕ್ಕಿಂತ ಹೆಚ್ಚು. "ಒಬ್ಳೇ ಹೋಗೋಕೆ ಒಂಥರಾ ಆಗುತ್ತೆ, ಅಮ್ಮಂಗೆ ಹೇಳಿಲ್ಲ, ನೀವು ಬರ್ತೀರಾ ಮೇಡಂ?" ಎಂದಳು. ಹೋದೆ.

ಅಲ್ಲಿ ನಾಲ್ಕು ಪುಟದ ಒಪ್ಪಿಗೆ ಪತ್ರ ಕೊಟ್ಟರು. ಇಂಗ್ಲಿಷಿನಲ್ಲಿತ್ತು. ಹಣ ಕಟ್ಟುವ ಕೌಂಟರಿನಲ್ಲೇ ಕೊಟ್ಟರು ಎಂಬುದನ್ನೂ ಗಮನಿಸಿದೆ. ಓದಿದ್ದೀಯಾ ಎಂದು ಕೇಳಿದೆ. "ಎರಡು ಸಲ ಓದಿದೀನಿ ಮೇಡಂ, ವಾಟ್ಸಾಪಲ್ಲಿ ಮೊದಲೇ ಕಳ್ಸಿದ್ರು" ಎಂದಳು. ಸುಳ್ಳು ಹೇಳುವ ಹುಡುಗಿಯಲ್ಲ. ದಿನವಿಡೀ ಸಾಲದ ಕರಾರುಗಳನ್ನು ಇಂಗ್ಲಿಷಿನಲ್ಲೇ ಓದಿ ಗ್ರಾಹಕರಿಗೆ ತಿಳಿಸುವವಳು, ಅವಳಿಗೆ ಆ ಭಾಷೆ ಬರುತ್ತದೆ. ಸುಮ್ಮನೆ ಕೂತಿದ್ದೆವಲ್ಲ ಎಂದು, ಎರಡನೇ ಪುಟವನ್ನು ಕನ್ನಡದಲ್ಲಿ ಓದತೊಡಗಿದೆ. ಊತ, ನೋವು, ಚುಚ್ಚಿದಲ್ಲಿ ನೀಲಿಗಟ್ಟುವುದು: ಕೆಲವು ದಿನದಿಂದ ಎರಡು ವಾರ. ಗಂಟುಗಳಾಗಬಹುದು, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ. ಕಣ್ಣಿನ ಕೆಳಗಿನ ಚರ್ಮ ತೆಳು, ಜೆಲ್ ಮೇಲುಮೇಲೆ ಕೂತರೆ ಬೆಳಕು ಚದುರಿ ಅಲ್ಲಿ ನೀಲಿ ಛಾಯೆ ಕಾಣಬಹುದು. ಕಪ್ಪು ಹೋಗಲೆಂದು ಬಂದವಳು ಇಲ್ಲಿಗೆ ನಕ್ಕಳು. ಮುಂದಿನ ಸಾಲಿನಲ್ಲಿ ಮೂರು ಪದಗಳಿದ್ದವು: ವ್ಯಾಸ್ಕುಲರ್ ಆಕ್ಲೂಷನ್, ನೆಕ್ರೋಸಿಸ್, ವಿಷುವಲ್ ಇಂಪೇರ್‌ಮೆಂಟ್. ಅವನ್ನು ಹೀಗೆ ಓದಿದೆ: ಜೆಲ್ ರಕ್ತನಾಳದೊಳಗೆ ಹೋಗಿ ಕಟ್ಟಿಕೊಳ್ಳಬಹುದು, ಆ ಭಾಗದ ಚರ್ಮ ಸತ್ತು ಕಪ್ಪಾಗಬಹುದು, ಕಣ್ಣು ಹೋಗಬಹುದು.

"ಹಂಗಂತ ಎಲ್ಲಿದೆ ಮೇಡಂ?" ಎಂದು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡಳು.

ಎರಡು ಸಲ ಓದಿದ್ದ ಸಾಲು ಅದು. ಬೆರಳಿಟ್ಟು ತೋರಿಸಿದೆ. ಕೌಂಟರಿನಲ್ಲಿದ್ದ ಹುಡುಗಿ, ಅವಳೂ ನಮ್ಮ ಹುಡುಗಿಯಷ್ಟೇ ವಯಸ್ಸಿನವಳು, ಬೇಸರದಿಂದಲ್ಲ, ಸಂಕಟದಿಂದ ಅಂದಳು: "ಮೇಡಂ, ಹಾಗೆ ಹೇಳಿದ್ರೆ ಯಾರು ತಾನೇ ಮಾಡಿಸ್ಕೋತಾರೆ?" ಆ ಕ್ಲಿನಿಕ್ಕಿನಲ್ಲಿ ಅವತ್ತು ಕೇಳಿದ ಅತ್ಯಂತ ಪ್ರಾಮಾಣಿಕ ಮಾತು ಅದು.

ಇದರಲ್ಲಿ ಮೋಸವಿರಲಿಲ್ಲ. ಕಾಗದದಲ್ಲಿ ಎಲ್ಲವೂ ಇತ್ತು. ಹಾಗಾದರೆ ಅವಳಿಗೆ ಗೊತ್ತಿತ್ತೇ, ಇರಲಿಲ್ಲವೇ? ಪರೀಕ್ಷೆಯಲ್ಲಿ ನೆಕ್ರೋಸಿಸ್ ಎಂದರೇನು ಎಂದು ಕೇಳಿದ್ದರೆ ಬರೆಯುತ್ತಿದ್ದಳು. ಆದರೆ ಆ ಪದ ಅವಳ ಹೊಟ್ಟೆಯವರೆಗೆ ಇಳಿದಿರಲಿಲ್ಲ. ನಮ್ಮಂಥ ಎಷ್ಟೋ ಜನ ಇಂಗ್ಲಿಷಿನಲ್ಲಿ ಕೆಲಸ ಮಾಡುತ್ತೇವೆ, ವಾದ ಮಾಡುತ್ತೇವೆ, ಸಾಲ ತೆಗೆಯುತ್ತೇವೆ. ಹೆದರುವುದು ಮಾತ್ರ ಕನ್ನಡದಲ್ಲೇ. ತಿಳಿವಳಿಕೆ ಎಂಬುದರಲ್ಲಿ ಹೆದರಿಕೆಯೂ ಒಂದು ಭಾಗ ಎಂದಾದರೆ, ಹೆದರಲು ಬರುವ ಭಾಷೆಯಲ್ಲಿ ಹೇಳದೆ ತೆಗೆದುಕೊಂಡ ಒಪ್ಪಿಗೆಗೆ ಒಪ್ಪಿಗೆ ಎನ್ನಬಹುದೇ ಎಂಬುದೇ ನನ್ನ ಪ್ರಶ್ನೆ.

ನೀವು ಕೇಳಬಹುದು: 'ದೃಷ್ಟಿಗೆ ತೊಂದರೆಯಾಗಬಹುದು' ಎಂದೂ ಓದಬಹುದಿತ್ತಲ್ಲ, 'ಕಣ್ಣು ಹೋಗಬಹುದು' ಎನ್ನುವುದು ಹೆದರಿಸುವುದಲ್ಲವೇ? ತಿಳಿಸುವುದಕ್ಕೂ ಹೆದರಿಸುವುದಕ್ಕೂ ವ್ಯತ್ಯಾಸವಿದೆ, ಅದನ್ನು ಮರೆತವರು ನಮ್ಮ ಮನೆಗಳಲ್ಲಿ ಬಹಳ ಜನ ಇದ್ದಾರೆ. ಅದಕ್ಕೇ ವಿಷಯವನ್ನೇ ನೋಡೋಣ. ಮೂಗು, ಹುಬ್ಬಿನ ನಡುವೆ, ಹಣೆ, ಈ ಭಾಗಗಳ ಸಣ್ಣ ರಕ್ತನಾಳಗಳು ಕಣ್ಣಿಗೆ ರಕ್ತ ಒಯ್ಯುವ ನಾಳದ ಜೊತೆ ಸಂಪರ್ಕದಲ್ಲಿವೆ. ಸೂಜಿಯ ತುದಿ ನಾಳದೊಳಗೆ ಸೇರಿ, ಒತ್ತಿದ ರಭಸಕ್ಕೆ ಜೆಲ್ ರಕ್ತದ ಹರಿವಿಗೆ ಎದುರಾಗಿ ಹಿಂದಕ್ಕೆ ನುಗ್ಗಿ, ಆಮೇಲೆ ಹರಿವಿನ ಜೊತೆ ಮುಂದಕ್ಕೆ ಬಂದರೆ ಅದು ಹೋಗಿ ನಿಲ್ಲುವುದು ರೆಟಿನಾದ ನಾಳದಲ್ಲಿ. ರಕ್ತವಿಲ್ಲದೆ ರೆಟಿನಾ ಬದುಕುವ ಅವಧಿಯನ್ನು ನಿಮಿಷಗಳಲ್ಲಿ ಎಣಿಸಬೇಕು. ಹೀಗಾದವರಲ್ಲಿ ಹೆಚ್ಚಿನವರಿಗೆ ದೃಷ್ಟಿ ಮರಳುವುದಿಲ್ಲ. ಹಾಗಾಗಿ 'ತೊಂದರೆ' ಎಂಬ ಪದವೇ ಅಲ್ಲಿ ತಪ್ಪು ಅನುವಾದ. ಅದರ ಜೊತೆಗೇ ಇನ್ನೊಂದು ಲೆಕ್ಕವನ್ನೂ ಹೇಳಬೇಕು: 2015ರಲ್ಲಿ ಜಗತ್ತಿನ ವೈದ್ಯಕೀಯ ಬರಹಗಳನ್ನೆಲ್ಲ ಜಾಲಾಡಿದ ಸಮೀಕ್ಷೆಯೊಂದಕ್ಕೆ ಫಿಲ್ಲರಿನಿಂದ ದೃಷ್ಟಿ ಕೆಟ್ಟ 98 ಪ್ರಕರಣಗಳು ಸಿಕ್ಕವು. ಅವುಗಳಲ್ಲಿ ಅರ್ಧದ ಹತ್ತಿರ ಹತ್ತಿರ ಆದದ್ದು ರೋಗಿಯದೇ ಕೊಬ್ಬನ್ನು ತೆಗೆದು ಮುಖಕ್ಕೆ ತುಂಬಿದಾಗ. ದಾಖಲಾಗದೆ ಹೋದವು ಇರುತ್ತವೆ, ಆಮೇಲೆ ಸೇರಿದವೂ ಇವೆ. ಆದರೂ ಲಕ್ಷಾಂತರ ಚುಚ್ಚುಗಳ ಎದುರು ಇದು ಬಹಳ ಸಣ್ಣ ಸಂಖ್ಯೆ. ಎರಡನ್ನೂ ಹೇಳಿದರೆ ತಿಳಿಸಿದಂತೆ. ಸಂಖ್ಯೆಯನ್ನು ನುಂಗಿ ಕಣ್ಣನ್ನಷ್ಟೇ ಹೇಳಿದರೆ ಹೆದರಿಸಿದಂತೆ. ಕಣ್ಣನ್ನು ನುಂಗಿ ಸಂಖ್ಯೆಯನ್ನಷ್ಟೇ ಹೇಳಿದರೆ ಮಾರಿದಂತೆ.

ನಮ್ಮ ಸುಪ್ರೀಂ ಕೋರ್ಟು ಒಪ್ಪಿಗೆಯ ಬಗ್ಗೆ ವಿವರವಾಗಿ ಮಾತಾಡಿದ್ದು 2008ರ ಜನವರಿಯಲ್ಲಿ, ಸಮೀರಾ ಕೊಹ್ಲಿ ಪ್ರಕರಣದಲ್ಲಿ. 44 ವರ್ಷದ ಹೆಂಗಸು ರೋಗ ಪತ್ತೆಗೆಂದು ನಡೆಸುವ ತಪಾಸಣೆಗೆ ಒಪ್ಪಿ ಅರಿವಳಿಕೆಯಲ್ಲಿದ್ದಾಗ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯಗಳನ್ನು ತೆಗೆಯಲಾಗಿತ್ತು. ವಯಸ್ಕಳಾದ ಮಗಳ ದೇಹಕ್ಕೆ ತಾಯಿಯ ಒಪ್ಪಿಗೆ ಸಲ್ಲದು ಎಂದಿತು ಕೋರ್ಟು. ಚಿಕಿತ್ಸೆ ಏನು, ಯಾಕೆ, ಬೇರೆ ದಾರಿ ಇದೆಯೇ, ಮುಖ್ಯ ಅಪಾಯಗಳೇನು, ಮಾಡಿಸಿಕೊಳ್ಳದಿದ್ದರೆ ಏನಾಗುತ್ತದೆ, ಇಷ್ಟನ್ನು ತಿಳಿಸಿ ಒಪ್ಪಿಗೆ ಪಡೆಯಬೇಕು ಎಂದೂ ಹೇಳಿತು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ತೀರಾ ದೂರದ ಅಪಾಯಗಳನ್ನೆಲ್ಲ ವಿವರಿಸಬೇಕಾಗಿಲ್ಲ, ಏಕೆಂದರೆ ರೋಗಿ ಹೆದರಿ, ಅಗತ್ಯವಾದ ಚಿಕಿತ್ಸೆಯನ್ನೇ ಬೇಡ ಎಂದಾನು. ವೈದ್ಯರಿಗೆ ಬಹಳ ಪ್ರಿಯವಾದ ಭಾಗ ಇದು. ಆದರೆ ಕಾರಣವನ್ನು ನೋಡಿ: ಮೌನಕ್ಕೆ ಅನುಮತಿ ಇರುವುದು ಚಿಕಿತ್ಸೆ ಅಗತ್ಯವಾಗಿರುವುದರಿಂದ. ಹೃದಯದ ಕವಾಟ ಬದಲಿಸಬೇಕಾದವನು ಹೆದರಿ ಓಡಿಹೋದರೆ ಸಾಯುತ್ತಾನೆ. ಕಣ್ಣಿನ ಕೆಳಗಿನ ಗುಳಿ ತುಂಬಿಸಬೇಕಾದವಳು ಹೆದರಿ ಎದ್ದುಹೋದರೆ ಏನಾಗುತ್ತದೆ? ಸಂಜೆ ಹೊತ್ತಿಗೆ ಮನೆಯಲ್ಲಿರುತ್ತಾಳೆ. ಹೆದರಿಕೆಯಿಂದ ಯಾವ ನಷ್ಟವೂ ಇಲ್ಲದ ಕಡೆ, ಹೆದರಿಕೆಯನ್ನು ತಪ್ಪಿಸುವುದು ರೋಗಿಯ ಹಿತಕ್ಕಲ್ಲ. ಬೇಡದ ಚಿಕಿತ್ಸೆಗೆ ಪುಸಲಾಯಿಸುವಂತೆಯೂ ಮಾತಾಡಬೇಕಾಗಿಲ್ಲ ಎಂಬ ಎಚ್ಚರವೂ ಆ ತೀರ್ಪಿನಲ್ಲೇ ಇದೆ. ಅದು ಯಾರಿಗೂ ಅಷ್ಟು ಪ್ರಿಯವಾದಂತಿಲ್ಲ. ನನ್ನ ಮಟ್ಟಿಗೆ ಸೂತ್ರ ಇಷ್ಟು: ಚಿಕಿತ್ಸೆಯ ಅಗತ್ಯ ಕಡಿಮೆಯಾದಷ್ಟೂ ಹೇಳಬೇಕಾದ ಅಪಾಯದ ಪಟ್ಟಿ ಉದ್ದವಾಗಬೇಕು. ಎಲ್ಲೆಲ್ಲೂ ನಡೆಯುತ್ತಿರುವುದು ಅದಕ್ಕೆ ತಿರುಗುಮುರುಗು. 2013ರಲ್ಲಿ ಬ್ರಿಟನ್ ಸರ್ಕಾರ ನೇಮಿಸಿದ್ದ ಬ್ರೂಸ್ ಕಿಯೋ ಸಮಿತಿ, ಫಿಲ್ಲರ್ ಚುಚ್ಚಿಸಿಕೊಳ್ಳುವವರಿಗೆ ಇರುವ ರಕ್ಷಣೆ ಬಾಲ್‌ಪೆನ್ನೋ ಹಲ್ಲುಜ್ಜುವ ಬ್ರಷ್ಷೋ ಕೊಳ್ಳುವವರಿಗಿಂತ ಹೆಚ್ಚಿನದಲ್ಲ ಎಂದಿತ್ತು. 18 ದಾಟದ ಮಕ್ಕಳಿಗೆ ಸೌಂದರ್ಯಕ್ಕಾಗಿ ಇದನ್ನು ಚುಚ್ಚಬಾರದೆಂಬ ಕಾನೂನು ಇಂಗ್ಲೆಂಡಿನಲ್ಲಿ ಜಾರಿಯಾಗಲು 2021ರ ಅಕ್ಟೋಬರ್ ಬರಬೇಕಾಯಿತು.

ಕಾನೂನಿನ ಕಣ್ಣಿಗೆ ಬೀಳದ ಇನ್ನೊಂದು ಸಂಗತಿ ಕನ್ನಡದ ಒಂದು ಪದದಲ್ಲಿದೆ: ಮುಖದಾಕ್ಷಿಣ್ಯ. ಎದುರಿಗಿರುವವರ ಮುಖ ನೋಡಿ ಇಲ್ಲ ಎನ್ನಲಾಗದ ಸ್ಥಿತಿ. ಕ್ಲಿನಿಕ್ಕಿನ ಕೋಣೆಯಲ್ಲಿ ಅದು ಹೇಗೆ ಕೆಲಸ ಮಾಡುತ್ತದೆಂದು ನೋಡಿ. ಡಾಕ್ಟರು ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ, ಅಕ್ಕರೆಯಿಂದ ಮಾತಾಡಿದ್ದಾರೆ, ಕೆನ್ನೆಗೆ ಅರಿವಳಿಕೆಯ ಮುಲಾಮು ಆಗಲೇ ಹಚ್ಚಿಯಾಗಿದೆ, ಮುಂಗಡ ಕಟ್ಟಿಯಾಗಿದೆ, ಹೊರಗೆ ಇನ್ನಿಬ್ಬರು ಕಾಯುತ್ತಿದ್ದಾರೆ. ಈಗ ಎದ್ದು 'ಬೇಡ ಡಾಕ್ಟ್ರೇ' ಎನ್ನಬೇಕು. ತರಕಾರಿ ಅಂಗಡಿಯಲ್ಲಿ ಅರ್ಧ ಕಿಲೋ ಬೀನ್ಸ್ ಆರಿಸಿಟ್ಟ ಮೇಲೆ ಬೇಡ ಎನ್ನಲಾಗದ ಜನ ನಾವು. ಹಾಗಾಗಿ ಮಾತಿಗೆ ಒಂದು ದಿನ, ಸೂಜಿಗೆ ಇನ್ನೊಂದು ದಿನ ಎಂಬ ಪದ್ಧತಿ ಇರುವ ಕ್ಲಿನಿಕ್ಕನ್ನೇ ಹುಡುಕಬೇಕು. ಅದು ಇಲ್ಲದಿದ್ದರೆ ನಾವೇ ಹಾಗೆ ಮಾಡಿಕೊಳ್ಳಬೇಕು. 'ಇವತ್ತೇ ಮಾಡಿಸಿದರೆ ರಿಯಾಯಿತಿ' ಎಂಬ ಮಾತು ಕೇಳಿದರೆ ಚಪ್ಪಲಿ ಮೆಟ್ಟಬಹುದು.

ಇಷ್ಟೆಲ್ಲ ಕೇಳಿ, 'ಅಷ್ಟು ಕಷ್ಟ ಯಾಕೆ, ದೇವರು ಕೊಟ್ಟ ಮುಖ ಸಾಲದೇ' ಎನ್ನುವವರ ಪಕ್ಕ ನನ್ನನ್ನು ಕೂರಿಸಬೇಡಿ. ಆ ವಾದ ನನಗೆ ಹಿಡಿಸುವುದಿಲ್ಲ, ಅದರ ಹಿಂದಿನ ನಗು ಇನ್ನೂ ಹಿಡಿಸುವುದಿಲ್ಲ. ನಟಿಯೊಬ್ಬಳ ತುಟಿ ದಪ್ಪಗಾದರೆ ನಕ್ಕು, ಸುಕ್ಕು ಬಂದರೆ 'ಅಯ್ಯೋ ವಯಸ್ಸಾಯ್ತು' ಎನ್ನುವವರು ಒಂದೇ ಜನ. ಹಾನಿ ಸರಿಪಡಿಸಲು ಮಾಡಿದರೆ ಚಿಕಿತ್ಸೆ, ಚಂದಕ್ಕೆ ಮಾಡಿದರೆ ಶೋಕಿ ಎಂಬ ಗೆರೆಯನ್ನು ಬಹಳ ಜನ ಎಳೆಯುತ್ತಾರೆ. ಆ ಗೆರೆ ನಾವು ಅಂದುಕೊಂಡಷ್ಟು ಗಟ್ಟಿಯಾಗಿಲ್ಲ.

ನಮ್ಮದೇ ನೆಲಕ್ಕೆ ಸಂಬಂಧಿಸಿದ ಹಳೆಯ ಉದಾಹರಣೆಯೊಂದಿದೆ. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬವನು 1792ರಲ್ಲಿ ಟಿಪ್ಪುವಿನ ಸೈನಿಕರಿಗೆ ಸಿಕ್ಕಿಬಿದ್ದ. ಅವರು ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಸುಮಾರು ಒಂದು ವರ್ಷ ಮೂಗಿಲ್ಲದೆ ಬದುಕಿದ. ಆಮೇಲೆ ಪುಣೆಯ ಸೀಮೆಯಲ್ಲಿ ಇಟ್ಟಿಗೆ ಮಾಡುವ ಜಾತಿಯ ಒಬ್ಬ ವೈದ್ಯ ಅವನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಮಾಡಿಕೊಟ್ಟ. ಇಬ್ಬರು ಇಂಗ್ಲಿಷ್ ಡಾಕ್ಟರುಗಳು ಅದನ್ನು ಕಣ್ಣಾರೆ ಕಂಡರು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜಂಟಲ್ಮನ್ಸ್ ಮ್ಯಾಗಝೀನ್' ಚಿತ್ರ ಸಮೇತ ಆ ವರದಿ ಹಾಕಿತು. ಯುರೋಪಿನ ಪ್ಲಾಸ್ಟಿಕ್ ಸರ್ಜರಿ ಮತ್ತೆ ಚಿಗುರಿದ್ದಕ್ಕೆ ಆ ಒಂದು ವರದಿಯೂ ಕಾರಣ. ಹೋದ ಕೈಗೆ ಅವನಿಗೆ ಯಾರೂ ಏನೂ ಮಾಡಿಕೊಡಲಾಗಲಿಲ್ಲ, ಕೂಲಿಗೆ ಬೇಕಾದದ್ದು ಕೈಯೇ. ಉಸಿರಾಡಲು ಹೊರಮೂಗು ಅನಿವಾರ್ಯವೇನಲ್ಲ. ಅವನು ಚಾಕುವಿನ ಕೆಳಗೆ ಹಣೆಯೊಡ್ಡಿ ಮಲಗಿದ್ದು ಜನರ ನಡುವೆ ಮುಖವೆತ್ತಿ ತಿರುಗುವುದಕ್ಕೆ. ಅದು ಚಿಕಿತ್ಸೆಯೋ, ಚಂದವೋ?

ಇನ್ನೊಂದು ಉದಾಹರಣೆ ಹತ್ತಿರದ್ದು. ಎಚ್‌ಐವಿಗೆ ಕೊಡುತ್ತಿದ್ದ ಹಳೆಯ ಔಷಧಿಗಳು, ಮುಖ್ಯವಾಗಿ ಸ್ಟಾವುಡೀನ್, ಜೀವ ಉಳಿಸುತ್ತಿದ್ದವು, ಕೆನ್ನೆಯ ಕೊಬ್ಬನ್ನು ಕರಗಿಸುತ್ತಿದ್ದವು. ಕೆನ್ನೆ ಗುಳಿಬಿದ್ದು ಮುಖ ಒಂದು ವಿಶಿಷ್ಟ ರೀತಿಯಲ್ಲಿ ಬತ್ತಿಹೋಗುತ್ತಿತ್ತು. ಗೊತ್ತಿದ್ದವರು ಬಸ್ಸಿನಲ್ಲೇ ಗುರುತು ಹಿಡಿಯುವಂತಿರುತ್ತಿತ್ತು. ಬಾಯಿ ಬಿಡದ ಗುಟ್ಟನ್ನು ಕೆನ್ನೆ ಹೇಳಿಬಿಡುತ್ತಿತ್ತು. ನಮ್ಮ ದೇಶದ ಸರ್ಕಾರಿ ಚಿಕಿತ್ಸೆಯಲ್ಲೂ ಆ ಔಷಧಿ ವರ್ಷಗಟ್ಟಲೆ ಇತ್ತು. 2004ರಲ್ಲಿ ಅಮೆರಿಕದ ಔಷಧ ಇಲಾಖೆ ಒಂದು ಫಿಲ್ಲರಿಗೆ ಮೊದಲ ಅನುಮತಿ ಕೊಟ್ಟದ್ದು ಸುಕ್ಕಿಗಲ್ಲ, ಈ ಕೆನ್ನೆಗಳಿಗೆ. ಅದೇ ಸೂಜಿ, ಅದೇ ಕೆನ್ನೆ, ಅಲ್ಲಿ ತುಂಬಿದ್ದು ಗುಟ್ಟನ್ನು ತನ್ನಲ್ಲೇ ಇಟ್ಟುಕೊಳ್ಳುವ ಹಕ್ಕನ್ನು. ಅದನ್ನು ಶೋಕಿ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಹಾಗೆಯೇ, ದಿನಕ್ಕೆ ಎರಡು ಸಲ 'ಹುಷಾರಿಲ್ವಾ' ಎಂದು ಕೇಳಿಸಿಕೊಂಡು ನಗುವ ಹುಡುಗಿಗೆ ಆ ಪ್ರಶ್ನೆ ಸಾಕಾಗಿದೆ ಎಂದರೆ, ಅದನ್ನು ತೂಕ ಮಾಡುವ ತಕ್ಕಡಿ ನನ್ನ ಬಳಿ ಇಲ್ಲ.

ಆದರೂ ಬಯಕೆ ಎಲ್ಲಿಂದ ಬಂತು ಎಂದು ಕೇಳಬೇಕು, ತಪ್ಪು ಹುಡುಕಲು ಅಲ್ಲ, ವಿಳಾಸ ತಿಳಿಯಲು. ಕೆಲವು ಕೊರತೆಗಳು ಮುಖದಲ್ಲಿರುವುದಿಲ್ಲ, ಮಸೂರದಲ್ಲಿರುತ್ತವೆ. ಫೋನನ್ನು 12 ಅಂಗುಲ ದೂರದಲ್ಲಿ ಹಿಡಿದು ತೆಗೆದ ಚಿತ್ರದಲ್ಲಿ, ಐದಡಿ ದೂರದಿಂದ ತೆಗೆದದ್ದಕ್ಕಿಂತ ಮೂಗು ಸುಮಾರು ಶೇ. 30ರಷ್ಟು ಅಗಲವಾಗಿ ಕಾಣುತ್ತದೆ ಎಂದು 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು. ಕ್ಯಾಮೆರಾಕ್ಕೆ ಹತ್ತಿರ ಇದ್ದದ್ದು ದೊಡ್ಡದು, ದೂರ ಇದ್ದದ್ದು ಚಿಕ್ಕದು, ಇಷ್ಟೇ ಗಣಿತ. ಆ ಮೂಗನ್ನು ಎದುರು ನಿಂತ ಮನುಷ್ಯ ಯಾರೂ ನೋಡುವುದಿಲ್ಲ. ತೋಳಿನ ಉದ್ದದಿಂದ ಹುಟ್ಟಿದ ಕೊರತೆಗೆ ಸೂಜಿ ಯಾಕೆ? ನನ್ನ ವಿದ್ಯಾರ್ಥಿನಿಯ ಗುಳಿ ಅಂಥದ್ದಲ್ಲ, ಅದು ಎದುರಿಗೂ ಕಾಣುತ್ತದೆ. ಆದರೆ ನಿಶ್ಚಿತಾರ್ಥದ ಫೋಟೋ ಎಂದಾಗ ಅವಳ ಕಣ್ಣ ಮುಂದೆ ಇದ್ದದ್ದು ಯಾರು ನೋಡುವ ಮುಖ? ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಅವ್ರ ಅಕ್ಕ" ಎಂದಳು. ವರನ ಅಕ್ಕ. ಮುಂಚೆ ಒಂದು ಸಲ ಏನೋ ಅಂದಿದ್ದಳಂತೆ. 28,000 ರೂಪಾಯಿ ಹೋಗುವ ವಿಳಾಸ ಸಿಕ್ಕಿತು. ಸಿಕ್ಕಿದ ಮೇಲೂ ಮಾಡಿಸಿಕೊಳ್ಳಬಹುದು. ಗೊತ್ತಿದ್ದು ಮಾಡುವುದಕ್ಕೂ ಗೊತ್ತಿಲ್ಲದೆ ಮಾಡುವುದಕ್ಕೂ ಇರುವ ವ್ಯತ್ಯಾಸ ಒಪ್ಪಿಗೆ ಪತ್ರದ ಯಾವ ಕಾಲಮ್ಮಿನಲ್ಲೂ ಬರುವುದಿಲ್ಲ, ಅಷ್ಟೇ.

'ತಾತ್ಕಾಲಿಕ' ಎಂಬ ಪದದ ಬಗ್ಗೆಯೂ ಒಂದು ಮಾತು. ಆರು ತಿಂಗಳು, ಒಂದು ವರ್ಷ, ಒಂದೂವರೆ ವರ್ಷ ಎಂದು ಕಂಪನಿಗಳು ಹೇಳುತ್ತವೆ. ಎಂಆರ್‌ಐ ಚಿತ್ರಗಳಲ್ಲಿ ಹಯಲುರಾನಿಕ್ ಫಿಲ್ಲರ್ ಅದಕ್ಕಿಂತ ಎಷ್ಟೋ ವರ್ಷ ಹೆಚ್ಚು ಉಳಿದದ್ದೂ ಕಂಡಿದೆ. ಕಣ್ಣಿನ ಕೆಳಗಿನಂಥ ಹೆಚ್ಚು ಅಲುಗಾಡದ ಜಾಗದಲ್ಲಿ ಹಾಗಾಗುವುದು ಜಾಸ್ತಿ. ಕನ್ನಡಿಯಲ್ಲಿ ಪರಿಣಾಮ ಇಳಿಯಿತೆಂದು ಮತ್ತೆ ತುಂಬಿಸುತ್ತಾರೆ, ಒಳಗೆ ಹಳೆಯದು ಇದ್ದೇ ಇರುತ್ತದೆ. ಇದಕ್ಕಿಂತ ಕಷ್ಟದ್ದು ಕಣ್ಣಿನ ಅಭ್ಯಾಸ. ತುಂಬಿದ ಮುಖವೇ ತನ್ನ ಮುಖ ಎಂದು ಕಣ್ಣಿಗೆ ರೂಢಿಯಾದ ಮೇಲೆ, ಹಳೆಯ ಮುಖಕ್ಕೆ ಮರಳುವುದು ನಷ್ಟದಂತೆ ಕಾಣುತ್ತದೆ. ಸಹಿ ಹಾಕುವವಳು ಇವತ್ತಿನವಳು, ಮುಂದಿನ ಸಿರಿಂಜಿನ ಬೆಲೆ ಕೊಡುವವಳು ಇನ್ನೂ ಹುಟ್ಟಬೇಕಾದವಳು. ಗ್ಲಾಡಿಸ್ ಡೀಕನ್ ಎಂಬ ಅಮೆರಿಕದ ಸುಂದರಿ, ಮುಂದೆ ಮಾರ್ಲ್‌ಬರೋದ ಡಚೆಸ್ ಆದವಳು, 20ನೇ ಶತಮಾನದ ಮೊದಲ ವರ್ಷಗಳಲ್ಲಿ ಹಣೆಯಿಂದ ಮೂಗಿಗೆ ಗ್ರೀಕ್ ಪ್ರತಿಮೆಯಂಥ ನೇರ ಗೆರೆ ಬೇಕೆಂದು ಮೇಣ ಚುಚ್ಚಿಸಿಕೊಂಡಳು. ವಿಯೆನ್ನಾದ ಡಾಕ್ಟರೊಬ್ಬ 1899ರ ಹೊತ್ತಿಗೆ ಆ ಪ್ಯಾರಾಫಿನ್ ಪದ್ಧತಿಯನ್ನು ಶುರುಮಾಡಿದ್ದ, ಆ ಕಾಲಕ್ಕೆ ಅದು ಆಧುನಿಕ. ಮೇಣ ಜಾರಿ ಗಲ್ಲದವರೆಗೆ ಇಳಿಯಿತು. ಅವಳು ಆಮೇಲೆ 70 ವರ್ಷಕ್ಕೂ ಹೆಚ್ಚು ಕಾಲ, 1977ರವರೆಗೆ, ಆ ಮುಖದಲ್ಲೇ ಬದುಕಿದಳು. ಇವತ್ತಿನ ಜೆಲ್ ಮೇಣವಲ್ಲ, ಹೋಲಿಕೆ ಪದಾರ್ಥಗಳ ನಡುವಿನದ್ದಲ್ಲ. ಇಪ್ಪತ್ತರ ಹರೆಯದ ಒಂದು ಮಧ್ಯಾಹ್ನ ಎಪ್ಪತ್ತು ವರ್ಷಗಳ ಪರವಾಗಿ ತೀರ್ಮಾನ ತೆಗೆದುಕೊಳ್ಳುವುದಿದೆಯಲ್ಲ, ಅದು ಬದಲಾಗಿಲ್ಲ.

ಅವತ್ತು ಕೊನೆಗೆ ಡಾಕ್ಟರು ತಾವೇ ಹೊರಗೆ ಬಂದರು. ಒಳ್ಳೆಯ ಕನ್ನಡದಲ್ಲಿ, ಗಡಿಬಿಡಿಯಿಲ್ಲದೆ ಮಾತಾಡಿದರು. ನಮ್ಮ ಹುಡುಗಿ ಈಗ ಬ್ಯಾಂಕಿನವಳಾಗಿದ್ದಳು, ಒಂದೊಂದಾಗಿ ಕೇಳಿದಳು. ಚುಚ್ಚುವವರು ನೀವೇನಾ, ಇಲ್ಲ ಬೇರೆಯವರಾ? ಚರ್ಮರೋಗದ ಎಂ.ಡಿ.ಯೇ? ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ? ಸಿರಿಂಜಿನ ಡಬ್ಬಿ ನನ್ನ ಎದುರೇ ಒಡೀತೀರಾ, ಬ್ಯಾಚ್ ನಂಬರಿನ ಸ್ಟಿಕರ್ ನನಗೆ ಕೊಡ್ತೀರಾ? ಕರಗಿಸೋ ಔಷಧಿ ಈಗ ಇಲ್ಲೇ ಇದೆಯಾ? ಡಾಕ್ಟರು ಫ್ರಿಜ್ಜಿನ ಬಾಗಿಲು ತೆಗೆದು ತೋರಿಸಿದರು. ರಾತ್ರಿ ಹತ್ತು ಗಂಟೆಗೆ ಚರ್ಮ ಬಿಳುಚಿಕೊಂಡರೆ, ಬಲೆಯ ಹಾಗೆ ಗೆರೆ ಮೂಡಿದರೆ, ನೋವು ಜೋರಾದರೆ ಯಾರಿಗೆ ಫೋನ್ ಮಾಡಬೇಕು, ಕಣ್ಣು ಮಂಜಾದರೆ ಯಾವ ಆಸ್ಪತ್ರೆಗೆ ಓಡಬೇಕು ಎಂದೂ ಕೇಳಿದಳು. ಆ ಪ್ರಶ್ನೆಗೆ ಡಾಕ್ಟರು ತಮ್ಮ ಸ್ವಂತ ನಂಬರು ಬರೆದುಕೊಟ್ಟರು. ಬಸುರಿಯಾ, ಹಾಲೂಡಿಸ್ತೀಯಾ, ರಕ್ತ ತೆಳು ಮಾಡೋ ಮಾತ್ರೆ ತಗೋತೀಯಾ, ಮುಖದ ಮೇಲೆ ಸೋಂಕು ಇದೆಯಾ ಎಂದು ಅವರೂ ಕೇಳಿದರು. ಈ ಪ್ರಶ್ನೆಗಳನ್ನು ಯಾರೂ ಕೇಳದಿದ್ದರೆ ಆ ಕ್ಲಿನಿಕ್ಕು ಬೇಡ. ಬ್ಯೂಟಿ ಪಾರ್ಲರಿನಲ್ಲಿ, ಯಾರದೋ ಮನೆಯಲ್ಲಿ, ಸೂಜಿಯಿಲ್ಲದ ಪೆನ್ನಿನಂಥ ಯಂತ್ರದಲ್ಲಿ ಇದನ್ನು ಮಾಡಿಸುವ ಮಾತೇ ಬೇಡ.

ಇವತ್ತು ಬೇಡ, ಹದಿನೈದು ದಿನ ಬಿಟ್ಟು ಹೇಳುತ್ತೇನೆ ಎಂದು ಅವಳು ಎದ್ದಳು. ಆಮೇಲೆ ಮಾಡಿಸಿಕೊಂಡಳೋ ಇಲ್ಲವೋ ಎಂಬುದನ್ನು ಬರೆಯುವುದಿಲ್ಲ. ಬರೆದರೆ ಮಾಡಿಸಿಕೊಳ್ಳದವರು ಒಂದು ರೀತಿ, ಮಾಡಿಸಿಕೊಂಡವರು ಇನ್ನೊಂದು ರೀತಿ ಅವಳನ್ನು ತಮ್ಮ ಸಾಕ್ಷಿಗೆ ಎಳೆಯುತ್ತಾರೆ. ಮುಖ ಅವಳದು.

ಆ ಡಾಕ್ಟರು ಒಂದು ತಿಂಗಳಾದ ಮೇಲೆ ಫೋನ್ ಮಾಡಿ, ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ಮಾಡಿಕೊಡುತ್ತೀರಾ ಎಂದು ಕೇಳಿದರು. ಮೂರು ಪುಟ ಆಗಿದೆ. 'ರೇರ್' ಎಂಬ ಪದದ ಎದುರು ಕೂತಿದ್ದೇನೆ. ನಿಘಂಟು 'ಅಪರೂಪ' ಎನ್ನುತ್ತದೆ, ಆದರೆ ಅಪರೂಪ ನಮ್ಮಲ್ಲಿ ಬಾಗಿಲಿಗೆ ಬಂದ ನೆಂಟರಿಗೆ ಹೇಳುವ ಮಾತು, ಕುರುಡಿಗೆ ಅದನ್ನು ಹಚ್ಚಲು ಕೈ ಬರುವುದಿಲ್ಲ. 'ವಿರಳ' ಎಂದರೆ ಮತ್ತೆ ಇಂಗ್ಲಿಷಿನಷ್ಟೇ ದೂರ. 'ಎಲ್ಲೋ ಒಬ್ಬರಿಗೆ' ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ. ಆ ಒಬ್ಬರು ಎಂಬಲ್ಲಿ ಓದುವವರು ಒಂದು ಕ್ಷಣ ತಲೆಯೆತ್ತಬಹುದು ಅನಿಸುತ್ತದೆ. ಡಾಕ್ಟರು ಒಪ್ಪುತ್ತಾರೋ ನೋಡಬೇಕು.